ಈಗಲ್ಸ್ ಸಂಕಲನ: ಕರ್ತೃ, ಕಾಲ, ಕೃತಿ ವಿಚಾರ

ಪೀಠಿಕೆ: ‘ಈಗಲ್ಸ್: ದೇರ್ ಗ್ರೇಟೆಸ್ಟ್ ಹಿಟ್ಸ್ (1971–1975)’ ಅಮೆರಿಕದ ರಾಕ್ ವಾಙ್ಮಯದ ಮಹಾಸಂಕಲನ. ಹಾಡು ಕೇಳಿ ಸಂತೋಷಪಡುವ ದುರಭ್ಯಾಸ ಶಾಸ್ತ್ರಚರ್ಚೆಗೆ ಅಡ್ಡಿಯಾಗುವುದರಿಂದ ಪ್ರಸ್ತುತ ಪ್ರಬಂಧಕಾರರು ಆ ಗೋಜಿಗೆ ಹೋಗಿಲ್ಲ.

ಕರ್ತೃವಿಚಾರ: ಈಗಲ್ಸ್ ತಂಡದ ಗ್ಲೆನ್ ಫ್ರೈ, ಡಾನ್ ಹೆನ್ಲಿ ಮೊದಲಾದವರೇ ಕರ್ತೃಗಳೆಂಬುದು ಪೂರ್ವಪಕ್ಷ. ಆದರೆ ಸ್ವತಃ ಹೆನ್ಲಿಯವರೇ, ರೆಕಾರ್ಡ್ ಕಂಪನಿಗೆ ತನ್ನ ಮೂರು ತಿಂಗಳ ಲೆಕ್ಕದ ಚಿಂತೆಯೇ ಹೊರತು ಆಲ್ಬಂ ಹೇಗಿದೆ ಎಂಬುದರ ಚಿಂತೆ ಇರಲಿಲ್ಲವೆಂದು ದೂರಿದ್ದಾರೆ. ಕವಿಯೇ ಕೈತೊಳೆದುಕೊಂಡ ಮೇಲೆ ವಾದವೆಲ್ಲಿ? ನಿಜಕರ್ತೃ ಅಸೈಲಮ್ ರೆಕಾರ್ಡ್ಸ್‌ನ ಲೆಕ್ಕದ ಪುಸ್ತಕವೇ ಎಂಬುದು ಸಿದ್ಧಾಂತ.

ಕಾಲವಿಚಾರ: ಪ್ರಕಟಣೆ 1976ರ ಫೆಬ್ರುವರಿ 17. ತಂಡದ ಅತಿ ಪ್ರಸಿದ್ಧ ಹಾಡು ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅದನ್ನು ಈ ಸಂಕಲನದಲ್ಲಿ ಹುಡುಕುವ ಮುಗ್ಧರಿಗೆ ನಮ್ಮ ಸಂತಾಪಗಳು. ಆ ಹಾಡಿಗೆ ಎರಡನೆಯ ಸಂಪುಟದಲ್ಲಿ ಜಾಗ ಸಿಕ್ಕಿತು. ಅದು ಬಂದದ್ದು 1982ರಲ್ಲಿ. ತಂಡ ಒಡೆದದ್ದು ಅದಕ್ಕೂ ಮೊದಲು, 1980ರಲ್ಲಿ.

ಕೃತಿವಿಚಾರ: ನಾಲ್ಕು ಆಲ್ಬಂಗಳಿಂದ ಆಯ್ದ ಹತ್ತು ಹಾಡು, ಮಗ್ಗುಲಿಗೆ ಐದರಂತೆ. ಮೊದಲ ಮಗ್ಗುಲಿನ ಕೊನೆಗೆ ‘ಡೆಸ್ಪೆರಾಡೊ’ ಇದೆ. ಇದು ಸಿಂಗಲ್ ಆಗಿ ಬಿಡುಗಡೆಯೇ ಆಗದ ಹಾಡು. ಹಿಟ್ ಆಗುವ ಅವಕಾಶವೇ ಇಲ್ಲದ್ದು ಗ್ರೇಟೆಸ್ಟ್ ಹಿಟ್ ಆಗಿದೆ! ಪ್ರಕ್ಷಿಪ್ತವೆಂದು ಕಿತ್ತುಹಾಕೋಣವೆಂದರೆ ಕೇಳುಗರು ಒಪ್ಪುವುದಿಲ್ಲ. ಪಶ್ಚಿಮದ ಡಕಾಯಿತರ ಕಥೆಯ ಎಳೆಯಲ್ಲಿ ಪೋಣಿಸಿದ್ದ 1973ರ ಆಲ್ಬಂನಿಂದ ಇದನ್ನೂ ‘ಟೆಕಿಲಾ ಸನ್‌ರೈಸ್’ ಅನ್ನೂ ಪೂರ್ವಾಪರವಿಲ್ಲದೆ ಎತ್ತಿಕೊಂಡರೆಂಬುದೂ ಹೆನ್ಲಿಯವರ ಅಳಲು.

ಮುಖಪುಟದಲ್ಲಿ ತೆಳುನೀಲಿ ಹಿನ್ನೆಲೆಯ ಮೇಲೆ ಟೆಕ್ಸಸ್ಸಿನ ಕಲಾವಿದ ಬಾಯ್ಡ್ ಎಲ್ಡರ್ ಮಾಡಿದ ಹದ್ದಿನ ತಲೆಬುರುಡೆ: ಕಣ್ಣಿನ ಗುಳಿ ಖಾಲಿ, ಕೊಕ್ಕು ಚೂಪು. ತಂಡ ಇನ್ನೂ ಹಾಡುತ್ತಿದ್ದಾಗಲೇ ಅಭಿನಂದನ ಗ್ರಂಥಕ್ಕೆ ಸಂಸ್ಮರಣ ಗ್ರಂಥದ ರಕ್ಷಾಪುಟ ಹೊದಿಸಿದ ನಿದರ್ಶನ ವಿರಳ.

ಸಂಖ್ಯಾವಿಚಾರ: ಹತ್ತು ಲಕ್ಷ ಪ್ರತಿಗಳ ಮಾರಾಟಕ್ಕೆ ಕೊಡುವ ಪ್ಲಾಟಿನಂ ಮನ್ನಣೆಯನ್ನು ಅಮೆರಿಕದ ರೆಕಾರ್ಡಿಂಗ್ ಉದ್ಯಮ ಸಂಘ ಆರಂಭಿಸಿದ್ದು 1976ರಲ್ಲಿ. ಅದನ್ನು ಪಡೆದ ಮೊದಲ ಆಲ್ಬಂ ಇದೇ, ಅದೂ ಬಿಡುಗಡೆಯಾದ ವಾರದೊಳಗೆ. 2006ರಲ್ಲಿ 29 ಪಟ್ಟು ಪ್ಲಾಟಿನಂ ಇದ್ದದ್ದು 2018ರ ಮರುಎಣಿಕೆಯಲ್ಲಿ 38 ಪಟ್ಟಾಯಿತು. ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಹಿಂದೆ ಬಿತ್ತು. ಈಗಿನ ಎಣಿಕೆಯಲ್ಲಿ ಹಾಡುಗಳ 1,500 ಸ್ಟ್ರೀಮ್ ಒಂದು ಆಲ್ಬಂಗೆ ಸಮ. ಅಂದರೆ ಹತ್ತೂ ಹಾಡುಗಳನ್ನು 150 ಬಾರಿ ಕೇಳಿದ ಭಕ್ತನೂ, ಕೊಂಡು ತಂದು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಕಪಾಟಿಗೆ ಸೇರಿಸಿದ ಗೃಹಸ್ಥನೂ ಶಾಸ್ತ್ರದ ಕಣ್ಣಿಗೆ ಒಂದೇ. ಇದನ್ನೇ ಅದ್ವೈತವೆಂದು ಕರೆಯಲು ಅಡ್ಡಿಯಿಲ್ಲ.

ಉಪಸಂಹಾರ: ಮಹಾಸಂಕಲನಕ್ಕೆ ಲಕ್ಷಣಗಳು ಮೂರು. ಹಾಡಿದವರ ಮನಸ್ಸು ಅದರಲ್ಲಿ ಇರಬಾರದು. ಅವರ ಅತಿ ಪ್ರಸಿದ್ಧ ಹಾಡೂ ಇರಬಾರದು. ಮಾರ್ಚ್ ಲೆಕ್ಕ ಮುಗಿಯುವುದರೊಳಗೆ ಮಾತ್ರ ಅಂಗಡಿಯಲ್ಲಿರಲೇಬೇಕು.