ಬಕಾಸುರನ ಕಾಯಂ ವಿಳಾಸ

ಕಥೆಯಲ್ಲಿ ಯಾವುದು ಅಧಿಕೃತ, ಯಾವುದು ಅಲ್ಲ ಎಂಬ ಜಗಳ ಸ್ಟಾರ್ ವಾರ್ಸ್ ಅಭಿಮಾನಿಗಳ ಸ್ವತ್ತಲ್ಲ. 2014ರಲ್ಲಿ ಆ ಸರಣಿಯ ಒಡೆಯರು ದಶಕಗಳ ಕಾದಂಬರಿ, ಕಾಮಿಕ್ಸ್‌ಗಳನ್ನು ಒಂದೇ ಪ್ರಕಟಣೆಯಲ್ಲಿ ‘ದಂತಕಥೆ’ಯೆಂದು ಪಕ್ಕಕ್ಕೆ ಸರಿಸಿದರು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆ ಧೈರ್ಯ ಯಾರಿಗೂ ಇಲ್ಲ. ಇಲ್ಲಿ ಸರಣಿಯ ಹೆಸರು ಮಹಾಭಾರತ.

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎನ್ನುತ್ತದೆ ಸ್ಥಳಪುರಾಣ. ಸಾಕ್ಷಿಗೆ ಭೀಮಲಿಂಗೇಶ್ವರ ದೇವಾಲಯವಿದೆ. ಬಿಹಾರದ ಆರಾ, ಬಂಗಾಳದ ಬೀರ್‌ಭೂಮ್ ಕಡೆಯವರದೂ ಇದೇ ಹಕ್ಕೊತ್ತಾಯ. ಬಂಡಿ ಅನ್ನ, ಎರಡು ಕೋಣ, ಮೇಲೊಬ್ಬ ಮನುಷ್ಯನನ್ನು ಒಂದೇ ಊಟಕ್ಕೆ ಮುಗಿಸುವವನಿಗೆ ಮೂರು ವಿಳಾಸಗಳಿದ್ದರೆ ತೊಂದರೆ ರೇಷನ್ ಅಂಗಡಿಯವರಿಗೆ ಮಾತ್ರ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಅಶ್ವತ್ಥ ನೆಟ್ಟವನು ವಿದುರ. ವ್ಯಾಸಭಾರತದಲ್ಲಿ ಗೌರಿಬಿದನೂರು ಇಲ್ಲವಲ್ಲ ಎಂದರೆ, ದ್ವಾಪರದಲ್ಲಿ ಅದಿನ್ನೂ ತಾಲ್ಲೂಕಾಗಿರಲಿಲ್ಲ ಎಂಬ ಉತ್ತರ ಸಿದ್ಧ.

ಪುಣೆಯ ಭಂಡಾರ್ಕರ್ ಸಂಸ್ಥೆ 1919ರಿಂದ 1966ರವರೆಗೆ ಮಹಾಭಾರತದ 1,259 ಹಸ್ತಪ್ರತಿಗಳನ್ನು ಜಾಲಾಡಿ ಪರಿಷ್ಕೃತ ಪಾಠ ಸಿದ್ಧಪಡಿಸಿತು. ಗಣಪತಿ ಲಿಪಿಕಾರನಾದ ಪ್ರಸಂಗ ಅನುಬಂಧಕ್ಕೆ ಹೋಯಿತು. ಇಡೀ ಗ್ರಂಥ ಬರೆದುಕೊಂಡವನಿಗೇ ಗ್ರಂಥದೊಳಗೆ ಜಾಗ ಸಿಗಲಿಲ್ಲ!

ಕನ್ನಡಿಗರು ಇದಕ್ಕೆಲ್ಲ ಕಾದವರಲ್ಲ. ಪಂಪ 941ರಲ್ಲೇ ದ್ರೌಪದಿಯನ್ನು ಅರ್ಜುನನೊಬ್ಬನಿಗೆ ಕೊಟ್ಟು, ಮಿಕ್ಕ ನಾಲ್ವರನ್ನು ಭಾವ-ಮೈದುನರ ಸಾಲಿಗೆ ಇಳಿಸಿದ್ದ. ಕುಮಾರವ್ಯಾಸ ಬಂದು ಅವರನ್ನು ಮರುನೇಮಕ ಮಾಡಿದ. ಎರಡಕ್ಕೂ ಅಭಿಮಾನಿಗಳಿದ್ದಾರೆ. ಯಾವುದು ಸರಿ ಎಂಬ ಚರ್ಚೆ ಶಿಡ್ಲಘಟ್ಟದ ಬಸ್ಸಿನಲ್ಲಿ ಶುರುವಾದರೆ, ಇಳಿಯಬೇಕಾದ ಊರು ದಾಟಿಹೋಗುವುದೊಂದೇ ಖಚಿತ ಫಲಿತಾಂಶ.