ಹೌಸಿ ಮನುಷ್ಯನ ಗೋಸುಂಬೆ

ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆ ಸೀಮೆಯಲ್ಲಿ ಊರಿಗೊಬ್ಬ ಹೌಸಿ ಮನುಷ್ಯ, ಅಂದರೆ ಶೋಕಿಗಾರ, ಇದ್ದೇ ಇರುತ್ತಾನೆ. ಊರಲ್ಲಿ ದಾಳಿಂಬೆ ತೋಟ, ಸೊಲ್ಲಾಪುರದಲ್ಲೊಂದು ಬಂಗ್ಲೆ, ಅಂಗಿಯ ಮೇಲಿನೆರಡು ಗುಂಡಿ ಬಿಚ್ಚಿದರೆ ಬಂಗಾರದ ಚೈನು. ಇವನ ಜೀವನಚರಿತ್ರೆಯನ್ನು ಇವನು ಸಾಕಿದ ಪ್ರಾಣಿಗಳ ಹೆಸರಿನಲ್ಲೇ ಬರೆದು ಮುಗಿಸಬಹುದು. ಮೊದಲು ಲ್ಯಾಬ್ರಡಾರ್ ಬಂತು. ಎದುರು ಮನೆಯ ಮಾಸ್ತರರೂ ಒಂದನ್ನು ತಂದ ದಿನವೇ ಇವನ ಲ್ಯಾಬ್ರಡಾರ್ ಬರೀ ನಾಯಿಯಾಗಿಹೋಯಿತು. ಆಮೇಲೆ ರಾಟ್‌ವೀಲರ್, ಅದರ ಹಿಂದೆ ಪರ್ಷಿಯನ್ ಬೆಕ್ಕು, ಗಾಜಿನ ತೊಟ್ಟಿಯಲ್ಲಿ ಅರೋವಾನ ಮೀನು. ಒಂದೊಂದರ ಮಾನವೂ ಎರಡನೆಯವನು ತರುವವರೆಗೆ ಮಾತ್ರ. ಹೀಗೆ ಸೋತು ಸೋತು, ಜಿಲ್ಲೆಯಲ್ಲಿ ಮತ್ತಾರೂ ತರಲಾರದ್ದನ್ನೇ ತರಬೇಕೆಂದು ಹಟ ಹಿಡಿದಾಗ ಅವನು ಬಂದು ಮುಟ್ಟುವುದು ಗೋಸುಂಬೆಗೆ. ಅದೂ ಎಲ್ಲರೂ ಸಾಕುವ ಯೆಮನ್ ದೇಶದ ಸಾಮಾನ್ಯ ಜಾತಿಯಲ್ಲ. ಮಡಗಾಸ್ಕರಿನ ಪಾರ್ಸನ್ ಗೋಸುಂಬೆ. ಬಾಲ ಸೇರಿ ಎರಡಡಿ ಮೀರಿ ಬೆಳೆಯುವುದು, ಗಂಡಾದರೆ ಮೂತಿಯ ಮೇಲೆ ಎರಡು ಮೊಂಡು ಕೊಂಬಿನಂಥ ಉಬ್ಬು ಇರುವುದು. ಅದು ಸಿಗದಿದ್ದರೆ ತಾಂಜಾನಿಯಾ, ಮಲಾವಿ ಕಡೆಯ ಮೆಲ್ಲರ್ ಗೋಸುಂಬೆ. ಮಡಗಾಸ್ಕರಿನ ಹೊರಗೆ ಅದಕ್ಕಿಂತ ದೊಡ್ಡದಿಲ್ಲ. “ಹೌಸಿಗೆ ಬೆಲಿ ಇಲ್ಲ ಬಿಡ್ರಿ” ಎನ್ನುತ್ತಾನೆ, ಬೆಲೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದ ಮೇಲೆ.

ಅವನ ನಿಜವಾದ ಸೋಲು ಇಲ್ಲಿಯೇ ಶುರುವಾಗುತ್ತದೆ ಎಂಬುದು ನನ್ನ ವಾದ. ಲೋಕಕ್ಕೆ ತೋರಿಸಬೇಕೆಂದು ಹೊರಟವನು, ಲೋಕಕ್ಕೆ ಕಾಣಬಾರದೆಂದೇ ರೂಪುಗೊಂಡ ಪ್ರಾಣಿಯನ್ನು ಆರಿಸಿಕೊಂಡಿದ್ದಾನೆ. ಗೋಸುಂಬೆಯ ಮೈಯನ್ನೇ ನೋಡಿ: ಎರಡೂ ಪಕ್ಕೆ ಒತ್ತಿ ಚಪ್ಪಟೆಯಾದ ದೇಹ, ಕೊಂಬೆಯನ್ನು ಇಕ್ಕಳದಂತೆ ಕಚ್ಚಿಹಿಡಿಯುವ ಪಾದ, ಒಂದು ಹೆಜ್ಜೆ ಇಡುವ ಮೊದಲು ಗಾಳಿಗೆ ಎಲೆ ತೂಗಿದ ಹಾಗೆ ಹಿಂದೆ ಮುಂದೆ ತೂಗುವ ನಡಿಗೆ. ಎರಡು ಕಣ್ಣು ಎರಡು ದಿಕ್ಕಿಗೆ ಬೇರೆಬೇರೆ ತಿರುಗುವುದರಿಂದ, ನೀವು ಅದನ್ನು ಕಾಣುವ ಮೊದಲೇ ಅದು ನಿಮ್ಮನ್ನು ಕಂಡಿರುತ್ತದೆ. ಕಂಡೊಡನೆ ಸದ್ದಿಲ್ಲದೆ ಕೊಂಬೆಯ ಆಚೆ ಬದಿಗೆ ಸರಿದು, ನಿಮಗೂ ತನಗೂ ನಡುವೆ ಕಟ್ಟಿಗೆಯನ್ನು ಅಡ್ಡ ಇಟ್ಟುಕೊಳ್ಳುತ್ತದೆ. ಇಂಥದ್ದನ್ನು ನೋಡಲು ಹೌಸಿ ಮನುಷ್ಯ ಬೀಗರನ್ನು ಕರೆಯುತ್ತಾನೆ. ಬೀಗರು ಆಳೆತ್ತರದ ಜಾಳಿಗೆಯ ಪಂಜರದ ಮುಂದೆ ಚಹಾ ಬಟ್ಟಲು ಹಿಡಿದು ನಿಲ್ಲುತ್ತಾರೆ. “ಎಲ್ಲೈತ್ರೀ ಮಾಮಾ? ಬರೀ ಗಿಡ ಕಾಣಾಕತ್ತೈತಿ.” “ಐತಿ, ಅಲ್ಲೇ ಐತಿ, ಆ ದೊಡ್ಡ ಎಲಿ ಹಿಂದ. ಜರಾ ತಡೀರಿ.” ಚಹಾ ಆರುತ್ತದೆ, ಎಲೆ ಅಲುಗುವುದಿಲ್ಲ. ಲಕ್ಷಗಟ್ಟಲೆ ಸುರಿದವನು ಕೊನೆಗೆ ಮೊಬೈಲ್ ತೆಗೆದು ಅದೇ ಪ್ರಾಣಿಯ ಫೋಟೋ ತೋರಿಸಬೇಕಾಗುತ್ತದೆ. ಬೀಗರು ಫೋಟೋ ನೋಡಿ ಚಲೋ ಐತಿ ಎನ್ನುತ್ತಾರೆ. ಮನಸ್ಸಿನಲ್ಲಿ, ಫೋಟೋ ನೋಡಲಿಕ್ಕೆ ಅಕ್ಕಲಕೋಟೆಯಿಂದ ಗಾಡಿ ಮಾಡಿಕೊಂಡು ಬರಬೇಕಿತ್ತೆ ಎಂದು ಲೆಕ್ಕ ಹಾಕುತ್ತಾರೆ.

ಹಾಗಾದರೆ ಬಣ್ಣವಾದರೂ ತೋರಿಸಬಹುದಲ್ಲ ಎಂದು ಕೇಳಬಹುದು. ಚುನಾವಣೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ನೆನೆಯುವ ಗುಣವೇ ಅದು. ಆದರೆ ಇಳಕಲ್ಲ ಸೀರೆಯ ಮೇಲೆ ಕೂರಿಸಿದರೆ ಗೋಸುಂಬೆ ಇಳಕಲ್ಲ ಬಣ್ಣಕ್ಕೆ ತಿರುಗುವುದಿಲ್ಲ. ಹೀಗೆ ಪರೀಕ್ಷೆ ಮಾಡದ ನೆಂಟನೂ ಇಲ್ಲ. ಬಣ್ಣದ ಕೀಲಿ ಇರುವುದು ಬಹುಮಟ್ಟಿಗೆ ಅದರ ಮನಃಸ್ಥಿತಿಯಲ್ಲಿ, ಬಿಸಿಲು ಚಳಿಯಲ್ಲಿ. ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಪ್ಯಾಂಥರ್ ಗೋಸುಂಬೆಯ ಚರ್ಮವನ್ನು ಪರೀಕ್ಷಿಸಿ ತೋರಿಸಿದ್ದು ಇದನ್ನೇ: ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳಿವೆ, ಪ್ರಾಣಿ ಶಾಂತವಾಗಿರುವಾಗ ಅವು ಒತ್ತೊತ್ತಾಗಿದ್ದು ಮೈ ಹಸಿರಾಗಿ ಕಾಣುತ್ತದೆ, ಇನ್ನೊಂದು ಗಂಡು ಎದುರಾಗಿ ಕೆರಳಿದಾಗ ಹರಳುಗಳ ನಡುವಿನ ಅಂತರ ಹಿಗ್ಗಿ ಹಳದಿ, ಕೆಂಪು ಹೊಮ್ಮುತ್ತದೆ. ಅಂದರೆ ನೋಡುವವರು ಆಹಾ ಎನ್ನುವ ಬಣ್ಣ ಅದರ ಸಿಟ್ಟು. ಪಾರ್ಸನ್ ಗೋಸುಂಬೆಯಂತೂ ಈ ವಿಷಯದಲ್ಲಿ ಪ್ಯಾಂಥರಿನಷ್ಟು ಧಾರಾಳಿಯೂ ಅಲ್ಲ. ನೆಂಟರ ಮುಂದೆ ಮಾನ ಉಳಿಸಿಕೊಳ್ಳಲು ಹೌಸಿ ಮನುಷ್ಯ ಏನು ಮಾಡುತ್ತಾನೆ? ಹೆಂಡತಿಯ ಕೈಗನ್ನಡಿ ತಂದು ಪಂಜರದೊಳಗೆ ಹಿಡಿಯುತ್ತಾನೆ. ಕನ್ನಡಿಯಲ್ಲಿ ವೈರಿ ಕಂಡು ಪ್ರಾಣಿ ಗಂಟಲು ಉಬ್ಬಿಸಿ, ಬಾಯಿ ತೆರೆದು, ಮೈ ಕಪ್ಪಾಗಿಸಿ ಬುಸುಗುಡುತ್ತದೆ. “ನೋಡ್ರಿ, ನಿಮ್ಮನ್ನ ನೋಡಿ ಎಷ್ಟ್ ಖುಷಿ ಆಗೇತಿ!” ಕೈಗೆ ಹತ್ತಿ ತೋಳಿನ ಮೇಲೆ ನಡೆದು ಬಂದರೆ ಪ್ರೀತಿ ಎನ್ನುತ್ತಾನೆ, ಆದರೆ ಅದು ಅವನ ಹೆಗಲನ್ನೂ ತಲೆಯನ್ನೂ ಸುತ್ತಲಿನ ಎಲ್ಲಕ್ಕಿಂತ ಎತ್ತರದ ಕೊಂಬೆ ಎಂದು ತಿಳಿದು ಅಲ್ಲಿಂದ ಪಾರಾಗಲು ನೋಡುತ್ತಿರುತ್ತದೆ.

ಸಾಕುವುದರ ನಿಜವಾದ ಕಥೆ ಇರುವುದು ನೀರಿನಲ್ಲಿ. ಪಾರ್ಸನ್ ಗೋಸುಂಬೆಯ ತವರು ಮಡಗಾಸ್ಕರಿನ ಪೂರ್ವದ ಮಳೆಕಾಡು. ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಮಳೆ ಬೀಳುವ ಸೀಮೆ ಅದು. ಸೊಲ್ಲಾಪುರ ಜಿಲ್ಲೆಯ ಪಾಲಿಗೆ ಬರುವುದು 550ರ ಆಸುಪಾಸು, ಅದೂ ಮಳೆರಾಯನ ಮರ್ಜಿ ಇದ್ದರೆ. ನಂದೇಶ್ವರದಂಥ ದಕ್ಷಿಣ ಮಂಗಳವೇಢೆಯ ಹಳ್ಳಿಗಳು ಏತ ನೀರಾವರಿಯ ದಾರಿ ಕಾದೂ ಕಾದೂ, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಮುಂಬಯಿಯ ಸರಕಾರಕ್ಕೆ ಬೆದರಿಕೆ ಹಾಕಿದ್ದುಂಟು. ಉಜನಿ ಅಣೆಕಟ್ಟು ತುಂಬಿದ್ದರೂ ಸೊಲ್ಲಾಪುರ ಪಟ್ಟಣದಲ್ಲಿ ವರ್ಷಗಟ್ಟಲೆ ನಳ ಬಂದದ್ದು ನಾಲ್ಕೈದು ದಿನಕ್ಕೊಮ್ಮೆ ಎಂಬುದು ಅಲ್ಲಿ ಮದುವೆಯಾಗಿ ಬರುವ ಸೊಸೆಗೂ ಮೊದಲೇ ಗೊತ್ತಿರುವ ಸಂಗತಿ. ಈ ಊರಲ್ಲಿ ಗೋಸುಂಬೆಗೆ ದಿನಕ್ಕೆ ಮೂರು ನಾಲ್ಕು ಸಲ ಮಳೆ ಬೇಕು. ಬಟ್ಟಲಲ್ಲಿ ನೀರಿಟ್ಟರೆ ಅದಕ್ಕೆ ಅದು ನೀರೆಂದೇ ಹೊಳೆಯುವುದಿಲ್ಲ. ಎಲೆಯ ಮೇಲೆ ಹನಿ ಜಾರಬೇಕು, ಆ ಹನಿಯನ್ನು ಅದು ನಾಲಗೆಯಿಂದ ನೆಕ್ಕಬೇಕು. ಅದಕ್ಕಾಗಿ ಮೋಟಾರು, ಟೈಮರು, ಸಣ್ಣ ತೂತಿನ ನಾಜಲ್ಲು. ಬೋರಿನ ಸವುಳು ನೀರು ಹಾಕಿದರೆ ನಾಜಲ್ಲಿನ ತುದಿಗೆ ಬಿಳಿ ಸುಣ್ಣ ಕಟ್ಟಿ ಮಳೆ ನಿಂತೇಹೋಗುತ್ತದೆ. ಆಗ ಹೌಸಿ ಮನುಷ್ಯ ಸೂಜಿ ಹಿಡಿದು, ಕನ್ನಡಕ ಏರಿಸಿ, ಒಂದೊಂದು ತೂತನ್ನೂ ಚುಚ್ಚುತ್ತ ಕೂರುತ್ತಾನೆ. ಕೊನೆಗೆ ಫಿಲ್ಟರ್ ನೀರಿನ ಜಾರುಗಳು ಬರುತ್ತವೆ. “ನನ್ನ ತಲಿಗೆ ಎರಕೊಳ್ಳಾಕ ನೀರಿಲ್ಲ, ಆ ಸರಡಾಕ್ಕ ದಿನಕ್ಕ ಮೂರು ಸಲ ಜಳಕ!” ಎಂದು ಮನೆಯ ಹಿರಿಯಳು ಗುಡುಗಿದರೆ, ಮಗನ ಉತ್ತರ ಶಾಸ್ತ್ರೀಯವಾಗಿರುತ್ತದೆ: “ಅವ್ವಾ, ಅದು ಜಳಕ ಅಲ್ಲ, ಮಳಿ.” ಇನ್ನು ಸೆಕೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಪಾರ್ಸನ್ ಗೋಸುಂಬೆಗೆ 30ರ ಆಚೆ ಹೋದರೆ ಕಷ್ಟ, ಬಾಯಿ ತೆರೆದು ಕೂತುಬಿಡುತ್ತದೆ. ಹಾಗಾಗಿ ಅದರ ಕೋಣೆಗೆ ಎಸಿ. ಮನೆಯಲ್ಲಿ ತಣ್ಣಗಿರುವ ಕೋಣೆ ಅದೊಂದೇ ಆದ ಮೇಲೆ ಅಜ್ಜಿ, ಮಕ್ಕಳು, ರಜೆಗೆ ಬಂದ ಅಳಿಯ, ಎಲ್ಲರ ಹಾಸಿಗೆಯೂ ಅಲ್ಲಿಗೇ ಬರುತ್ತದೆ. ತನ್ನ ಜಾತಿಯ ಇನ್ನೊಂದು ಪ್ರಾಣಿಯನ್ನೇ ಸಹಿಸದ ಏಕಾಂಗಿ ಜೀವ ಹೀಗೆ ಗೊರಕೆ ಹೊಡೆಯುವ ಏಳೆಂಟು ಮಂದಿಯ ನಡುವೆ ರಾತ್ರಿ ಕಳೆಯುತ್ತದೆ.

ಊಟದ ವಿಷಯ ಮನೆಯ ಮಡಿಗೇ ಕೈಹಾಕುತ್ತದೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ತತ್ತಿಯೂ ಹೊಸ್ತಿಲು ದಾಟುವುದಿಲ್ಲ. ಗೋಸುಂಬೆ ತಿನ್ನುವುದು ಜೀವಂತ ಹುಳವನ್ನೇ: ಮಿಡತೆ, ಚಿಮ್ಮಂಡೆ, ಜಿರಲೆ, ರೇಷ್ಮೆಹುಳ. ಬರೀ ಹುಳ ಕೊಟ್ಟರೂ ಆಗದು. ಹುಳಕ್ಕೆ ಮೊದಲು ಗಜ್ಜರಿ, ಸೊಪ್ಪು ತಿನ್ನಿಸಿ ಹೊಟ್ಟೆ ತುಂಬಿಸಬೇಕು, ಆಮೇಲೆ ಅದರ ಮೈಗೆ ಸುಣ್ಣದಂಶದ ಪುಡಿ ಹಚ್ಚಬೇಕು. ಪುಡಿ ತಪ್ಪಿದರೆ, ಅಥವಾ ಡಿ3 ಜೀವಸತ್ವ ಹುಟ್ಟಿಸುವ ಯುವಿಬಿ ದೀಪ ಹಳತಾದರೆ, ಗೋಸುಂಬೆಯ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ದೀಪ ಉರಿಯುತ್ತಲೇ ಇದ್ದು ಅದರ ಸತ್ವ ಮಾತ್ರ ತೀರಿರುತ್ತದಾದ್ದರಿಂದ ಮೋಸ ಗೊತ್ತಾಗುವುದೂ ಇಲ್ಲ. ಹೀಗೆ ಜೋಳದ ಕಣಜದಲ್ಲಿ ಒಂದು ಹುಳ ಕಂಡರೆ ಬಿಸಿಲಿಗೆ ಹರವುತ್ತಿದ್ದ ಮನೆಯಲ್ಲಿ, ಡಬ್ಬಿ ಡಬ್ಬಿ ಜಿರಲೆ ಸಾಕಿ, ಅವಕ್ಕೆ ಸೊಪ್ಪು ಹೆಚ್ಚುವ ಕೆಲಸ ಸೊಸೆಯ ಪಾಲಿಗೆ ಬೀಳುತ್ತದೆ. ಹೌಸು ಅವನದು, ಸಾಕಣೆ ಅವಳದು. ಬೀಗರೆದುರು ಪ್ರಾಣಿಯ ಹೆಸರು ಹೇಳುವಾಗ ಅವಳು ಅಡುಗೆಮನೆಯಲ್ಲಿರುತ್ತಾಳೆ. ಕಾಯಿಲೆ ಬಿದ್ದರೆ ಇನ್ನೊಂದು ಫಜೀತಿ. ಕಾಡಿನಲ್ಲಿ ದುರ್ಬಲ ಎಂದು ತೋರಿಸಿಕೊಂಡವನು ಹದ್ದಿನ ಪಾಲಾದ್ದರಿಂದ ಗೋಸುಂಬೆ ತನ್ನ ಬೇನೆಯನ್ನೂ ಬಚ್ಚಿಡುತ್ತದೆ. ಕಣ್ಣು ಗುಳಿಬಿದ್ದದ್ದು ನಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಎಮ್ಮೆಯ ಕೆಚ್ಚಲು ಬಾವನ್ನು ಮುಟ್ಟಿದೊಡನೆ ಹೇಳಬಲ್ಲ ತಾಲೂಕಿನ ದನದ ಡಾಕ್ಟರು ಇದನ್ನು ನೋಡಿ, ಮೊದಲು ಯಾವ ಕಡೆ ತಲೆ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ಅವನ ದುಡ್ಡು, ಅವನ ಮನೆ, ಊರಿಗೇನು ಎಂಬ ಆಕ್ಷೇಪ ಬಂದೇ ಬರುತ್ತದೆ. ದುಡ್ಡಿನ ಮಾತು ಒಪ್ಪೋಣ. ಪ್ರಾಣಿ ಎಲ್ಲಿಂದ ಬಂತು ಎಂಬುದು ಮಾತ್ರ ಅವನೊಬ್ಬನ ವಿಷಯವಲ್ಲ. ಮಡಗಾಸ್ಕರಿನಿಂದ ಗೋಸುಂಬೆಗಳನ್ನು ಬಾಚಿ ಬಾಚಿ ಸಾಗಿಸಿದ್ದರಿಂದಲೇ 1995ರಲ್ಲಿ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಪಾರ್ಸನ್ ಸೇರಿದಂತೆ ಅಲ್ಲಿನ ಹೆಚ್ಚಿನ ಜಾತಿಗಳ ವ್ಯಾಪಾರಕ್ಕೆ ತಡೆ ಬಿತ್ತು. ನಮ್ಮಲ್ಲಿಯೂ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಅದರ ಬೆನ್ನಿಗೆ 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಇಟ್ಟುಕೊಂಡವನು ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೆ, ಕೈ ಬದಲಾದರೆ, ಸತ್ತರೆ ಅದನ್ನೂ ತಿಳಿಸಬೇಕು. ಸಾಕಿದರೆ ಜಾತಿ ಉಳಿಯುತ್ತದೆ ಎಂದು ವಾದಿಸುವವರಿಗೆ ಒಂದೇ ಸಂಗತಿ ಸಾಕು: ಪಾರ್ಸನ್ ಗೋಸುಂಬೆಯ ಮೊಟ್ಟೆ ಒಡೆಯಲು ಒಂದೂವರೆ ವರ್ಷದಿಂದ ಎರಡು ವರ್ಷ ಬೇಕಾಗಬಹುದು. ಅಷ್ಟು ಕಾಲ ಹದವಾದ ತೇವ, ಹದವಾದ ತಂಪು ಕಾದುಕೊಂಡು, ಕಾಣಲಿಕ್ಕೆ ಏನೂ ಇಲ್ಲದ ಡಬ್ಬಿಯ ಮುಂದೆ ಕೂರಬಲ್ಲವರು ಲೋಕದಲ್ಲಿ ಇದ್ದಾರೆ. ಎರಡು ವರ್ಷದಲ್ಲಿ ಮೂರು ಗಾಡಿ ಬದಲಿಸುವವನು ಆ ಪೈಕಿಯಲ್ಲ. ಜೊತೆಗೆ, ಒಂಟಿ ಗಂಡನ್ನು ತಂದು ಕೂರಿಸಿ ವಂಶೋದ್ಧಾರದ ಮಾತಾಡುವುದು ಹೇಗೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಖಿಲಾರಿ ಎತ್ತಿನದು. ನಮ್ಮ ಹಿರಿಯರೂ ಹೌಸಿಗೆ ಖಿಲಾರಿ ಕಟ್ಟಲಿಲ್ಲವೆ, ಕೊಂಬಿಗೆ ಬಣ್ಣ ಬಳಿದು ಕಾರಹುಣ್ಣಿಮೆಗೆ ಮೆರೆಸಲಿಲ್ಲವೆ, ಸಾಂಗೋಲೆಯ ದನದ ಸಂತೆಯಲ್ಲಿ ಜೋಡಿ ನಿಲ್ಲಿಸಿ ಮೀಸೆ ತಿರುವಲಿಲ್ಲವೆ? ತಿರುವಿದರು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎತ್ತು ಸಾವಿರಾರು ವರ್ಷ ಮನುಷ್ಯನ ಜೊತೆ ನಡೆದು ಬಂದ ಪ್ರಾಣಿ. ಹೆಸರು ಹಿಡಿದು ಕರೆದರೆ ಕಿವಿ ನಿಮಿರಿಸುತ್ತದೆ, ಯಜಮಾನ ಮೈದಡವಿದರೆ ಕತ್ತು ಚಾಚುತ್ತದೆ. ಅದರ ಮೆರವಣಿಗೆಯಲ್ಲಿ ಅದಕ್ಕೂ ಪಾಲಿದೆ. ಗೋಸುಂಬೆಗೆ ಯಜಮಾನನೆಂದರೆ ದಿನಾ ಬಂದೂ ಇನ್ನೂ ತಿನ್ನದೆ ಬಿಟ್ಟಿರುವ ಒಂದು ದೊಡ್ಡ ಪ್ರಾಣಿ, ಅಷ್ಟೇ. ಮಕ್ಕಳು ನೋಡಿ ಕಲಿಯುತ್ತಾರೆ ಎನ್ನುವವರಿಗೂ ಉತ್ತರ ಅಂಗಳದಾಚೆಯೇ ಇದೆ. ಭಾರತದ ಸ್ವಂತ ಗೋಸುಂಬೆ ಇದೇ ಒಣಸೀಮೆಯದು. ಮೂತಿಯಿಂದ ಬಾಲದ ತುದಿಗೆ ಒಂದಡಿ ಮೀರಿದ ಹಸಿರು ಪ್ರಾಣಿ, ಜಾಲಿ, ಬಾರಿಗಿಡ, ಹೊಲದ ಬೇಲಿಯಲ್ಲಿ ಬದುಕುವುದು, ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿದು ಮಣ್ಣು ತೋಡುವುದು. ಅದಕ್ಕೆ ವಿಷವಿಲ್ಲ. ಆದರೂ ಬೇಲಿಯಲ್ಲಿ ಅದು ಬಾಯಿ ತೆರೆದು ಬುಸ್ ಎಂದರೆ, ಪೇಟೆಯ ಬಂಗ್ಲೆಯಲ್ಲಿ ಎಸಿ ಹಾಕಿಸಿದ ಇದೇ ಮನುಷ್ಯ ನಂದೇಶ್ವರದ ಹೊಲದಲ್ಲಿ “ಕಲ್ಲ ತಗೋರೋ, ಕಡದ್ರ ಬದುಕಂಗಿಲ್ಲ” ಎಂದು ಆಳುಗಳಿಗೆ ಕೂಗುತ್ತಾನೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಮಕ್ಕಳಿಗೆ ಕಲಿಸಬೇಕಾದ ಪಾಠ ಅಲ್ಲಿ ಪುಕ್ಕಟೆಯಾಗಿದೆ: ಹತ್ತಡಿ ದೂರ ನಿಂತು, ಕಲ್ಲು ಕೆಳಗಿಟ್ಟು ನೋಡುವುದು. ಪುಕ್ಕಟೆ ಎಂಬುದೇ ಅದರ ದೋಷ.

ಎಲ್ಲ ಸಾಕಣೆದಾರರನ್ನೂ ಒಂದೇ ತಕ್ಕಡಿಗೆ ಹಾಕಿದಿರಿ ಎಂದು ಯಾರಾದರೂ ತಕರಾರು ತೆಗೆದರೆ ಅದು ನ್ಯಾಯವೇ. ಒಳ್ಳೆಯ ಸಾಕಣೆದಾರನೂ ಇದ್ದಾನೆ. ಅವನ ಪಂಜರದೊಳಗೆ ಎಲೆ ಎಷ್ಟು ದಟ್ಟವೆಂದರೆ ಅವನಿಗೇ ವಾರದಲ್ಲಿ ನಾಲ್ಕು ದಿನ ಪ್ರಾಣಿ ಕಾಣುವುದಿಲ್ಲ, ಕಾಣದಿದ್ದರೆ ಅವನಿಗೆ ಸಮಾಧಾನ. ತೇವ, ತಾಪ, ತಿಂದ ಹುಳ, ಹಾಕಿದ ಹಿಕ್ಕೆಯನ್ನು ಪುಸ್ತಕದಲ್ಲಿ ಬರೆದಿಡುತ್ತಾನೆ. ಕೈಗೆತ್ತಿಕೊಳ್ಳುವುದಿಲ್ಲ, ಕನ್ನಡಿ ಹಿಡಿಯುವುದಿಲ್ಲ, ಕಾಗದಪತ್ರ ನೇರವಾಗಿರುತ್ತವೆ. ಅವನ ವ್ಯಕ್ತಿಚಿತ್ರ ಬರೆಯಲಾಗದ್ದಕ್ಕೆ ಕಾರಣ ಸರಳ: ಅವನ ಮನೆಯಲ್ಲಿ ಗೋಸುಂಬೆ ಇದೆಯೆಂದು ಪಕ್ಕದ ಮನೆಗೂ ಗೊತ್ತಿಲ್ಲ. ನಮ್ಮ ಹೌಸಿ ಮನುಷ್ಯನಿಗೆ ಇಂಥ ಸುಖ ಬೇಡ. ಪಾರ್ಸನ್ ಗೋಸುಂಬೆ ಚೆನ್ನಾಗಿ ಬಾಳಿದರೆ ಹತ್ತು ವರ್ಷವನ್ನೂ ದಾಟಬಲ್ಲದು, ಇವನ ಹೌಸು ಒಂದು ದೀಪಾವಳಿಯಿಂದ ಇನ್ನೊಂದಕ್ಕೆ. ಈಗಾಗಲೇ ಅವನು ಪುಣೆಯ ಕಡೆಯ ಯಾರಿಗೋ ಫೋನು ಹಚ್ಚಿ ಇಗ್ವಾನಾದ ರೇಟು ಕೇಳುತ್ತಿದ್ದಾನೆ. ಅಂಗೈ ಮೇಲೆ ಕೂರುವ ಹಸಿರು ಮರಿಯಂತೆ, ಹುಳ ಬೇಡವಂತೆ, ಬರೀ ಸೊಪ್ಪು ತಿನ್ನುತ್ತದಂತೆ, ಎಲ್ಲಕ್ಕಿಂತ ಮುಖ್ಯವಾಗಿ ಬೀಗರು ಬಂದಾಗ ಎದುರಿಗೇ ಕಾಣುತ್ತದಂತೆ. ಆ ಮರಿ ಐದಾರು ಅಡಿಯವರೆಗೂ ಬೆಳೆಯಬಲ್ಲದು ಎಂಬುದನ್ನು ಮಾರುವವನು ಇನ್ನೂ ಹೇಳಿಲ್ಲ.