ಗಾಳಿ ಕದ್ದವರು ಯಾರು?

ಏನ್ ಸಾರ್, ಮತ್ತೆ ಅದೇ ಎಡಗಡೆ ಹಿಂದಿನ ಚಕ್ರನಾ? ಹೋದ ಭಾನುವಾರ ತಾನೇ ಬಂಕಿನಲ್ಲಿ ಗಾಳಿ ಹಿಡಿಸ್ಕೊಂಡು ಬಂದ್ರಲ್ಲ! ಪಾಪ, ರಸ್ತೆಯಲ್ಲಿ ಕ್ರಿಕೆಟ್ ಆಡೋ ಹುಡುಗರ ಮೇಲೆ ಯಾಕೆ ಅನುಮಾನ ಪಡ್ತೀರಿ? ತರಲೆ ಮಾಡೋರು ಗಾಳಿ ಪೂರ್ತಿ ಬಿಟ್ಟೇ ಓಡ್ತಾರೆ. ವಾರಕ್ಕೆ 5 ಪಾಯಿಂಟ್ ಅಂತ ಲೆಕ್ಕ ಇಟ್ಟು ಬಿಡೋವಷ್ಟು ತಾಳ್ಮೆ ಅವರಿಗೆಲ್ಲಿಂದ ಬರಬೇಕು?

ನಾಲ್ಕೂ ಚಕ್ರ ಒಂದೇ ಸಮ ಇಳಿದಿದ್ರೆ ನಾನೂ ಸುಮ್ಮನಿರ್ತಿದ್ದೆ. ಎಂಥಾ ಒಳ್ಳೇ ಟೈರಾದ್ರೂ ರಬ್ಬರಿನ ಮೂಲಕವೇ ತಿಂಗಳಿಗೆ ಒಂದೆರಡು ಪಾಯಿಂಟ್ ಸೋರುತ್ತೆ. ಧನುರ್ಮಾಸದ ಚಳಿ ಬಂತೋ, 5–6 ಡಿಗ್ರಿ ತಣ್ಣಗಾದ್ರೆ ಇನ್ನೊಂದು ಪಾಯಿಂಟ್ ಇಳಿಯುತ್ತೆ. ನಿಮ್ಮದು ಒಂದೇ ಚಕ್ರ, ಅದೂ ಪ್ರತಿ ವಾರ. ನೈಟ್ರೋಜನ್ ಹಾಕಿಸ್ಲಾ ಅಂತೀರಾ? ನಾವು ಉಸಿರಾಡೋ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ತುಂಬಿದೆ. ತೂತಿದ್ರೆ ಅದೂ ಹೋಗುತ್ತೆ, ಜೊತೆಗೆ ನಿಮ್ಮ ದುಡ್ಡೂ.

ಒಳಗಿಂದ ಸೋಪಿನ ನೀರು ತನ್ನಿ, ಗಟ್ಟಿಯಾಗೇ ಕಲಸಿ. ಮೊದಲು ವಾಲ್ವ್ ನೋಡೋಣ. ಪಂಕ್ಚರ್ ಅಂಗಡಿಯವರಾದ್ರೆ ಬೆರಳಿಗೆ ಎಂಜಲು ಹಚ್ಚಿ ವಾಲ್ವ್ ಬಾಯಿಗೆ ಸವರಿಬಿಡ್ತಾರೆ. ನೀವು ಬೇಡಿ, ಎದುರುಮನೆಯವರು ನೋಡ್ತಿದಾರೆ. ಗುಳ್ಳೆ ಉಬ್ಬಿದ್ರೆ ಒಳಗಿನ ಪಿನ್ ಸಡಿಲ ಅಂತರ್ಥ. ಅದೇನು ದೊಡ್ಡ ಖರ್ಚಲ್ಲ. ಹಾಗೇ ವಾಲ್ವನ್ನ ಸ್ವಲ್ಪ ಪಕ್ಕಕ್ಕೆ ಬಗ್ಗಿಸಿ ಬುಡಕ್ಕೂ ನೀರು ಬಿಡಿ, ಹಳೇ ರಬ್ಬರ್ ಅಲ್ಲೇ ಸೀಳಿರುತ್ತೆ.

ಏನೂ ಬರ್ಲಿಲ್ವಾ? ಕಾರನ್ನ ಒಂಚೂರು ಮುಂದೆ ತಳ್ಳಿ, ಟೈರಿನ ಗೀರುಗಳನ್ನ ಸುತ್ತ ನೋಡೋಣ. ಟ್ಯೂಬ್‌ಲೆಸ್‌ನಲ್ಲಿ ಮೊಳೆ ಹೊಕ್ಕರೂ ಗೊತ್ತಾಗಲ್ಲ ಸಾರ್. ತಾನೇ ಬಿರಡೆಯ ಹಾಗೆ ಕೂತು ಗಾಳಿನ ಗುಟ್ಟಾಗಿ ಬಿಡ್ತಿರುತ್ತೆ. ಸಿಕ್ಕಿದ್ರೆ ಮಾತ್ರ ಕೈಯಿಂದ ಕೀಳೋಕೆ ಹೋಗ್ಬೇಡಿ, ಟೈರು ಇಲ್ಲೇ ಪೂರ್ತಿ ಕೂತುಬಿಡುತ್ತೆ.

ಅಗೋ ನೋಡಿ! ರಿಮ್ಮಿನ ಅಂಚಲ್ಲಿ, ಟೈರು ಕಚ್ಚಿಕೊಂಡಿರೋ ಕಡೆ, ಸಾಸಿವೆ ಗಾತ್ರದ ನೊರೆ ಏಳ್ತಾ ಇದೆ. ಅಲಾಯ್ ಮೇಲೆ ಆ ಬಿಳೀ ಪುಡಿ ಕಾಣ್ತಾ? ಅದೇ ತುಕ್ಕು. ನಮ್ಮೂರ ಗುಂಡಿಗೆ ಬಿದ್ದು ರಿಮ್ ಕೊಂಚ ನೆಗ್ಗಿದ್ರೂ ಹೀಗೇ ಆಗುತ್ತೆ. ಹೊಸ ಟೈರ್ ಹಾಕ್ಸಿ ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ. ಟೈರ್ ಬಿಚ್ಚಿ, ಅಂಚನ್ನ ಎಮರಿ ಕಾಗದದಲ್ಲಿ ಉಜ್ಜಿ, ಸೀಲರ್ ಬಳಿದು ಕೂರಿಸಿದ್ರೆ ಸಾಕು. ಅಂಗಡಿಯವನು ಚಕ್ರಾನ ತೊಟ್ಟಿಗೆ ಅದ್ದಿ ತಕ್ಷಣ ಎತ್ತಿ, "ಏನೂ ಇಲ್ಲ ಸಾರ್" ಅಂದ್ರೆ ಒಪ್ಪಬೇಡಿ. ಇಂಥ ಸೋರಿಕೆಯಲ್ಲಿ ಒಂದು ಗುಳ್ಳೆ ಮೇಲೆ ಬರೋಕೆ ಅರ್ಧ ನಿಮಿಷನೂ ಹಿಡಿಯುತ್ತೆ. ಪಕ್ಕದಲ್ಲೇ ನಿಂತ್ಕೊಳ್ಳಿ.

ಈಗಲೇ ಸ್ಟೆಪ್ನಿ ಹಾಕ್ಕೊಂಡು ಹೊರಡ್ತೀರಾ? ಅದರಲ್ಲಿ ಗಾಳಿ ಎಷ್ಟಿದೆ? ಏನಂದ್ರಿ... ಕಾರು ತಗೊಂಡಾಗಿನಿಂದ ನೋಡೇ ಇಲ್ವಾ!